ಅಂಗಳದ ಹಕ್ಕಿಗೆ ಬೇರೆ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆ ಮನೆಯಂಗಳದಲ್ಲಿ ಕಾಳಿನ ತಟ್ಟೆ, ನೀರಿನ ಚಟ್ಟಿ ಇಡುವವರು ಹೆಚ್ಚಿದ್ದಾರೆ. ಹಕ್ಕಿ ಹತ್ತಿರ ಬಂದಷ್ಟೂ ಅದರ ಮೈಬಣ್ಣ ಕಣ್ಣಿಗೆ ಬೀಳುತ್ತದೆ, ಪ್ರಶ್ನೆಗಳು ಏಳುತ್ತವೆ. ಕಾಸರಗೋಡಿನ ಹವೆ, ತೋಟ, ಇಲ್ಲಿನ ಹಕ್ಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಿದೆ.

ನಮ್ಮ ಅಂಗಳಕ್ಕೆ ಬಿಳಿ ಕಾಗೆ ಬಂದಿದೆ. ಇದು ಆಲ್ಬಿನೋ ತಾನೇ?

ಬಹುಮಟ್ಟಿಗೆ ಅಲ್ಲ. ಪತ್ರಿಕೆಯಲ್ಲಿ ಬರುವ ‘ಆಲ್ಬಿನೋ ಕಾಗೆ’ಗಳಲ್ಲಿ ಹೆಚ್ಚಿನವು ಆಲ್ಬಿನೋ ಅಲ್ಲವೇ ಅಲ್ಲ. ಬಿಳಿ ಕಂಡ ಕೂಡಲೇ ಈ ಪದ ಬಳಸುವ ರೂಢಿ ಬಿದ್ದುಹೋಗಿದೆ.

ಮೊದಲು ಕಣ್ಣು ನೋಡಿ. ಆಲ್ಬಿನೋ ಹಕ್ಕಿಯ ದೇಹದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯ ಒಂದಿಷ್ಟೂ ತಯಾರಾಗುವುದಿಲ್ಲ. ಹಾಗಾಗಿ ಕಣ್ಣಿನೊಳಗಿನ ರಕ್ತದ ಬಣ್ಣವೇ ಹೊರಗೆ ಕಂಡು ಕಣ್ಣು ಗುಲಾಬಿ ಅಥವಾ ಕೆಂಪಾಗಿರುತ್ತದೆ. ಕೊಕ್ಕು, ಕಾಲು, ಉಗುರು ಕೂಡ ಬಣ್ಣವಿಲ್ಲದೆ ಗುಲಾಬಿಯಾಗಿರುತ್ತವೆ. ಒಂದೇ ಒಂದು ಕಪ್ಪು ಗರಿ ಇದ್ದರೂ, ಕಣ್ಣು ಕಪ್ಪಗಿದ್ದರೂ ಅದು ಆಲ್ಬಿನೋ ಅಲ್ಲ. ‘ಅರ್ಧ ಆಲ್ಬಿನೋ’ ಎಂಬುದೂ ಇಲ್ಲ.

ಕಣ್ಣಿನಲ್ಲಿ ಮೆಲನಿನ್ ಇಲ್ಲದಿದ್ದರೆ ಬೆಳಕು ತಡೆಯುವುದಕ್ಕೆ ಪರದೆಯೇ ಇಲ್ಲದಂತೆ. ನಮ್ಮ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅಂಥ ಹಕ್ಕಿ ದೂರವನ್ನು ಅಳೆಯಲಾರದು, ಗಿಡುಗವನ್ನು ಹೊತ್ತಿಗೆ ಸರಿಯಾಗಿ ಕಾಣಲಾರದು. ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಹೆಚ್ಚಿನವು ಸಾಯುತ್ತವೆ. ಚೆನ್ನಾಗಿ ಹಾರುತ್ತ, ತಿಂಗಳುಗಟ್ಟಲೆ ನಿಮ್ಮ ತಟ್ಟೆಗೆ ಬರುತ್ತಿರುವ ದೊಡ್ಡ ಬಿಳಿ ಹಕ್ಕಿ ಆಲ್ಬಿನೋ ಆಗಿರುವುದು ಬಲು ಅಪರೂಪ.

ಕಣ್ಣಿನ ವಿಷಯದಲ್ಲಿ ಮೋಸ ಹೋಗಲು ಎರಡು ದಾರಿಗಳಿವೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಪ್ಪು ಕಣ್ಣೂ ಕೆಂಪಾಗಿ ಬರುತ್ತದೆ. ಇನ್ನು ಕೆಲವು ಹಕ್ಕಿಗಳು ಹುಟ್ಟಾ ಕೆಂಗಣ್ಣಿನವು: ಕೋಗಿಲೆ, ದೊಡ್ಡದಾದ ಕೆಂಬೂತ. ಸಾಮಾನ್ಯ ಮೈನಾದ ಕಣ್ಣೂ ಕೆಂಪುಗಂದು ಛಾಯೆಯದು.

ಹಕ್ಕಿಗೆ ಬಣ್ಣ ಬರುವುದಾದರೂ ಎಲ್ಲಿಂದ?

ಮೂರು ಕಡೆಯಿಂದ. ಇದು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ಒಂದು ಮೆಲನಿನ್. ಇದನ್ನು ಹಕ್ಕಿಯ ದೇಹವೇ ತಯಾರಿಸುತ್ತದೆ. ಇದರಲ್ಲೂ ಎರಡು ಬಗೆ: ಕಪ್ಪು ಮತ್ತು ಗಾಢ ಕಂದು ಕೊಡುವ ಯುಮೆಲನಿನ್, ಇಟ್ಟಿಗೆಗೆಂಪು ಮತ್ತು ನಸುಗಂದು ಕೊಡುವ ಫಿಯೊಮೆಲನಿನ್. ಕಾಗೆಯ ಕಪ್ಪು, ಗುಬ್ಬಚ್ಚಿಯ ಬೆನ್ನಿನ ಕಂದು ಈ ಎರಡರ ಆಟ.

ಎರಡನೆಯದು ಕ್ಯಾರೊಟಿನಾಯ್ಡ್. ಹಳದಿ, ಕಿತ್ತಳೆ, ಕೆಂಪು. ಇದನ್ನು ಹಕ್ಕಿ ತಾನೇ ಹುಟ್ಟಿಸಲಾರದು, ಹಣ್ಣು, ಹುಳುಗಳಿಂದ ಪಡೆಯಬೇಕು. ಹೊನ್ನಕ್ಕಿಯ ಹಳದಿ ಇದರಿಂದ ಬಂದದ್ದು. ಮೆಲನಿನ್ ಕೈಕೊಟ್ಟರೂ ಇದಕ್ಕೇನೂ ಆಗುವುದಿಲ್ಲ. ಅದಕ್ಕೇ ಮೈಯೆಲ್ಲ ಬೆಳ್ಳಗಾದ ಮೈನಾದ ಕೊಕ್ಕು, ಕಾಲು, ಕಣ್ಣ ಸುತ್ತಲಿನ ಚರ್ಮ ಹಳದಿಯಾಗಿಯೇ ಉಳಿಯುತ್ತದೆ. ಗಿಳಿಗಳ ಮನೆತನ ಇಲ್ಲಿ ಬೇರೆ: ಅವುಗಳ ಹಳದಿ, ಕೆಂಪು ದ್ರವ್ಯವನ್ನು ಅವೇ ತಯಾರಿಸಿಕೊಳ್ಳುತ್ತವೆ, ತಿಂದ ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು ದ್ರವ್ಯವೇ ಅಲ್ಲ, ಗರಿಯ ಒಳರಚನೆ. ಬೆಳಕು ಅದರಲ್ಲಿ ಚದುರಿ ನೀಲಿ ಕಾಣುತ್ತದೆ. ಮಿಂಚುಳ್ಳಿಯ ಗರಿಯನ್ನು ಅರೆದರೆ ನೀಲಿ ಪುಡಿ ಸಿಗುವುದಿಲ್ಲ. ಗಂಡು ಸೂರಕ್ಕಿಯ ಹೊಳಪೂ ರಚನೆಯದ್ದೇ, ಹಾಗಾಗಿ ನೆರಳಿನಲ್ಲಿ ಅದು ಬರೀ ಕಪ್ಪಾಗಿ ಕಂಡರೆ ಗಾಬರಿ ಬೇಡ.

ಕಣ್ಣು ಕಪ್ಪು, ಮೈಮೇಲೆ ಅಲ್ಲಲ್ಲಿ ಬಿಳಿ ಗರಿ. ಇದಕ್ಕೆ ಏನೆನ್ನುತ್ತಾರೆ?

ಎರಡು ಸಾಧ್ಯತೆ ಮುಖ್ಯ: ಲ್ಯೂಸಿಸಂ ಮತ್ತು ನರೆ.

ಲ್ಯೂಸಿಸಂ ಹುಟ್ಟಿನಿಂದ ಬಂದದ್ದು. ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವಾಗ ಬಣ್ಣ ತುಂಬುವ ಜೀವಕೋಶಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡಬೇಕು. ವಂಶವಾಹಿಯ ದೋಷದಿಂದ ಅವು ಎಲ್ಲ ಕಡೆಗೂ ತಲುಪದಿದ್ದರೆ ಅಲ್ಲಿನ ಗರಿ ಬಿಳಿ. ಹೊರಟ ಜಾಗದಿಂದ ದೂರವಿರುವ ತುದಿಗಳಿಗೇ ಮೊದಲು ಕೊರತೆ ಬೀಳುತ್ತದೆ: ಮುಖ, ರೆಕ್ಕೆಯ ತುದಿ, ಹೊಟ್ಟೆ, ಕಾಲು. ಸಾಮಾನ್ಯವಾಗಿ ಎಡಬಲ ಎರಡೂ ಕಡೆ ಹೋಲಿಕೆ ಇರುತ್ತದೆ. ಗೂಡು ಬಿಡುವಾಗ ಎಷ್ಟು ಬಿಳಿ ಇತ್ತೋ ಸಾಯುವ ತನಕವೂ ಅಷ್ಟೇ.

ನರೆ ನಮ್ಮ ತಲೆಗೂದಲಿನ ನರೆಯಂಥದ್ದೇ. ಹುಟ್ಟಿದಾಗ ಹಕ್ಕಿ ಸರಿಯಾದ ಬಣ್ಣದಲ್ಲೇ ಇರುತ್ತದೆ. ಒಂದು ಹಂತದಲ್ಲಿ ಬಣ್ಣದ ಜೀವಕೋಶಗಳು ಕ್ಷೀಣಿಸತೊಡಗಿ, ಪ್ರತಿ ಸಲ ಗರಿ ಬದಲಾದಾಗ ಬಿಳಿ ಗರಿ ಹೆಚ್ಚುತ್ತದೆ. ಮೊದಮೊದಲು ಅಲ್ಲೊಂದು ಇಲ್ಲೊಂದು, ಎಡಬಲ ಹೋಲಿಕೆಯಿಲ್ಲ. ಕೆಲವು ವರ್ಷಗಳಲ್ಲಿ ಇಡೀ ಹಕ್ಕಿ ಬೆಳ್ಳಗಾಗಲೂಬಹುದು. ಅಂಗಳದಲ್ಲಿ ಕಾಣುವ ಬಿಳಿ ಗರಿಯ ಹಕ್ಕಿಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ.

ಒಂದೇ ಒಂದು ಫೋಟೋ ನೋಡಿ ಎರಡನ್ನೂ ಬೇರ್ಪಡಿಸುವುದು ಹಲವು ಸಲ ಆಗದ ಮಾತು. ದಾರಿ ಇರುವುದು ಕಾಯುವುದರಲ್ಲಿ. ನಮ್ಮಲ್ಲಿ ಅಂಗಳದ ಹೆಚ್ಚಿನ ಹಕ್ಕಿಗಳು ಮರಿ ಮಾಡಿ ಮುಗಿಸಿ ಮಳೆಗಾಲದಲ್ಲಿ ಗರಿ ಬದಲಿಸುತ್ತವೆ. ಮೇ ತಿಂಗಳಲ್ಲಿ ಒಂದು ಚಿತ್ರ, ದಸರೆಯ ಹೊತ್ತಿಗೆ ಇನ್ನೊಂದು. ಬಿಳಿ ಹೆಚ್ಚಿದ್ದರೆ ನರೆ, ಇದ್ದಲ್ಲೇ ಇದ್ದರೆ ಲ್ಯೂಸಿಸಂ, ಕಡಿಮೆಯಾಗಿದ್ದರೆ ಆಹಾರದ ಕೊರತೆ.

ಆಹಾರದ ಕೊರತೆಯಿಂದಲೂ ಗರಿ ಬೆಳ್ಳಗಾಗುತ್ತದೆಯೇ?

ಆಗುತ್ತದೆ, ಕಾಗೆಗಳಲ್ಲಿ ಹೆಚ್ಚು. ಮೆಲನಿನ್ ತಯಾರಾಗುವುದು ಪ್ರೋಟೀನಿನ ತುಣುಕುಗಳಿಂದ. ಮರಿಗೆ ತಾಯಿತಂದೆ ಹುಳು, ಮೀನು, ಮೊಟ್ಟೆ ತರದೆ ಬರೀ ಅನ್ನ, ಬ್ರೆಡ್ಡು, ಹೋಟೆಲಿನ ಹಿಂಬದಿಯ ಎಂಜಲು ತಂದು ಉಣಿಸಿದರೆ, ಗರಿ ಬೆಳೆಯುವ ಆ ಮೂರು ನಾಲ್ಕು ವಾರದಲ್ಲಿ ಬಣ್ಣಕ್ಕೆ ಬೇಕಾದ ಸಾಮಾನೇ ಇರುವುದಿಲ್ಲ. ಗುರುತು ಹಿಡಿಯುವುದು ಸುಲಭ: ಗರಿ ಇಡಿಯಾಗಿ ಬಿಳಿಯಾಗಿರುವುದಿಲ್ಲ, ರೆಕ್ಕೆ ಬಿಚ್ಚಿದಾಗ ಉದ್ದ ಗರಿಗಳಿಗೆ ಅಡ್ಡವಾಗಿ ಬೂದು ಬಿಳಿ ಪಟ್ಟೆ ಕಾಣುತ್ತದೆ. ಆ ಭಾಗ ದುರ್ಬಲವಾಗಿದ್ದು ಬೇಗ ಸವೆಯುತ್ತದೆ, ಮುರಿಯಲೂಬಹುದು. ಮುಂದಿನ ಗರಿ ಬದಲಾವಣೆಯ ಹೊತ್ತಿಗೆ ಒಳ್ಳೆಯ ಆಹಾರ ಸಿಕ್ಕಿದ್ದರೆ ಕಾಗೆ ಮತ್ತೆ ಕಪ್ಪು.

ಗರಿಯಲ್ಲಿ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆ ಇದ್ದರೆ ಅದು ಬೇರೆ. ಗರಿ ಬೆಳೆಯುವಾಗ ಒಂದೆರಡು ದಿನ ಉಪವಾಸವೋ ಭಯವೋ ಆದದ್ದರ ಗುರುತು.

ನಮ್ಮ ಕಾಗೆ ಮಳೆಗಾಲ ಮುಗಿದಾಗ ಕಾಫಿ ಬಣ್ಣದ್ದಾಗಿತ್ತು, ಈಗ ಏಪ್ರಿಲಿನಲ್ಲಿ ಹೆಚ್ಚುಕಡಿಮೆ ಬಿಳಿ. ಒಂದೇ ಹಕ್ಕಿಯೇ?

ಒಂದೇ ಇರಬಹುದು. ‘ಕಂದು’ ಎಂಬ ಹೆಸರಿನ ವಂಶವಾಹಿ ದೋಷವೊಂದಿದೆ. ಇದರಲ್ಲಿ ಯುಮೆಲನಿನ್ ತಯಾರಾಗುತ್ತದೆ, ಆದರೆ ಪೂರ್ತಿ ಪಕ್ವವಾಗುವುದಿಲ್ಲ. ಕಪ್ಪಾಗಬೇಕಾದ್ದು ಕಂದಿಗೇ ನಿಲ್ಲುತ್ತದೆ. ಇಂಥ ಅರೆಬೆಂದ ದ್ರವ್ಯಕ್ಕೆ ಬಿಸಿಲು ತಡೆಯುವ ಶಕ್ತಿಯಿಲ್ಲ. ಹೊಸ ಗರಿ ಕಾಫಿ ಬಣ್ಣ, ಶಿವರಾತ್ರಿಗೆ ಹಾಲು ಹೆಚ್ಚಾದ ಚಹಾದ ಬಣ್ಣ, ವಿಷುವಿನ ಹೊತ್ತಿಗೆ ಕೋರಾ ಬಟ್ಟೆಯ ಬಣ್ಣ. ಆಗ ನೋಡಿದವರು ‘ಆಲ್ಬಿನೋ’ ಎನ್ನುತ್ತಾರೆ.

ಪರೀಕ್ಷೆ ಹೀಗೆ: ಹಕ್ಕಿ ಮೈ ಕೆದಕಿ ಗರಿ ತಿದ್ದುವಾಗ ಒಂದರ ಕೆಳಗೆ ಒಂದು ಅಡಗಿದ್ದ ಭಾಗ ಹೊರಗೆ ಕಾಣುತ್ತದೆ. ಬಿಸಿಲು ತಾಗದ ಆ ಭಾಗ ಇನ್ನೂ ಕಂದಾಗಿದ್ದರೆ ಸಂಶಯವೇ ಬೇಡ. ಲ್ಯೂಸಿಸಂನ ಬಿಳಿ ಎಲ್ಲ ಕಡೆಯೂ ಒಂದೇ ಬಿಳಿ.

ಇದಕ್ಕೆ ಹತ್ತಿರದ ಇನ್ನೊಂದು ಬಗೆಯಲ್ಲಿ ಬಣ್ಣದ್ರವ್ಯದ ಗುಣ ಸರಿಯಿದ್ದರೂ ಪ್ರಮಾಣ ಕಡಿಮೆ. ಕಪ್ಪು ಬೆಳ್ಳಿಬೂದಾಗುತ್ತದೆ. ನೀರು ಹೆಚ್ಚಾದ ಶಾಯಿಯ ಹಾಗೆ.

ತಾಯಿತಂದೆ ಎರಡೂ ಸರಿಯಾದ ಬಣ್ಣದವು. ಮರಿ ಮಾತ್ರ ಹೇಗೆ ಬೇರೆಯಾಯಿತು?

ದೋಷದ ವಂಶವಾಹಿ ತಾಯಿಯಲ್ಲೊಂದು, ತಂದೆಯಲ್ಲೊಂದು ಅಡಗಿದ್ದರೆ ಅವೆರಡಕ್ಕೂ ಏನೂ ಕಾಣುವುದಿಲ್ಲ. ಮರಿಗೆ ಎರಡೂ ಕಡೆಯಿಂದ ಅದೇ ಬಂದರೆ ಬಯಲಾಗುತ್ತದೆ. ಸರಾಸರಿ ನಾಲ್ಕು ಮರಿಗೆ ಒಂದು. ಆಲ್ಬಿನೋ ಹೆಚ್ಚಾಗಿ ಹೀಗೇ ಬರುವುದು.

‘ಕಂದು’ ದೋಷದ ಲೆಕ್ಕ ಬೇರೆ. ಅದು ಲಿಂಗದ ವರ್ಣತಂತುವಿನ ಮೇಲಿದೆ. ಹಕ್ಕಿಗಳಲ್ಲಿ ಗಂಡಿಗೆ ಒಂದೇ ಬಗೆಯ ಎರಡು ವರ್ಣತಂತು, ಹೆಣ್ಣಿಗೆ ಬೇರೆ ಬೇರೆ ಬಗೆಯ ಎರಡು; ನಮ್ಮಲ್ಲಿರುವುದಕ್ಕೆ ತದ್ವಿರುದ್ಧ. ಹೆಣ್ಣುಮರಿಗೆ ತಂದೆಯಿಂದ ಬಂದ ಒಂದೇ ಪ್ರತಿ ಸಾಕು, ದೋಷ ಕಾಣಿಸುತ್ತದೆ. ಹಾಗಾಗಿ ಸರಿಯಾದ ಬಣ್ಣದ ಜೋಡಿಗೆ ಹುಟ್ಟಿದ ಕಂದು ಕಾಗೆ ಹೆಣ್ಣೇ ಎಂದು ಹಿಡಿದು ನೋಡದೆಯೂ ಹೇಳಬಹುದು. ಗಂಡು ಹೆಣ್ಣು ಒಂದೇ ಥರ ಕಾಣುವ ಕಾಗೆಯಲ್ಲಿ ಇದು ಸಣ್ಣ ಸಂಗತಿಯೇನಲ್ಲ.

ಯಾವ ಹಕ್ಕಿಗಳನ್ನು ‘ವಿಚಿತ್ರ ಬಣ್ಣ’ ಎಂದು ತಪ್ಪಾಗಿ ತಿಳಿಯುತ್ತಾರೆ?

ಬಹಳ. ‘ಬಣ್ಣ ಕೆಟ್ಟಿದೆ’ ಎನ್ನುವ ಮೊದಲು ಹೆಣ್ಣೋ, ಮರಿಯೋ, ಇನ್ನೊಂದು ಜಾತಿಯೋ ಎಂದು ಕೇಳಿಕೊಳ್ಳಿ.

ಮೈತುಂಬ ಚುಕ್ಕೆಯಿರುವ ಕಂದು ಹಕ್ಕಿ ಹಣ್ಣು ತಿನ್ನಲು ಬಂದರೆ ಅದು ಹೆಣ್ಣು ಕೋಗಿಲೆ. ಬೇಸಿಗೆಯ ಕೊನೆಗೆ ಕಾಗೆಯೊಂದು ತನ್ನಂತಿಲ್ಲದ ಮರಿಗೆ ಗುಟುಕು ಕೊಡುತ್ತಿದ್ದರೆ ಅದೂ ಕೋಗಿಲೆಯ ಮರಿಯೇ. ಊರಕಾಗೆಯ ಕುತ್ತಿಗೆ ಬೂದಿ ಬಣ್ಣದ್ದೇ. ಪೂರ್ತಿ ಕಪ್ಪಾಗಿರುವುದು ಕಾಡುಕಾಗೆ. ಪೇಟೆಯಿಂದ ತೋಟದ ಮನೆಗೆ ಬಂದವರಿಗೆ ಎರಡೂ ಅಕ್ಕಪಕ್ಕ ಕಂಡಾಗ ಅನುಮಾನ ಬರುವುದು ಸಹಜ.

ಮೈನಾದ ಕಣ್ಣಿನ ಬಳಿ ಹಳದಿ ಚರ್ಮ ಇಲ್ಲ, ಮೈ ಬೂದು, ಹಣೆಯ ಮೇಲೆ ಗರಿಯ ಕುಚ್ಚು, ಕಣ್ಣು ನೀಲಿಬಿಳಿ ಎಂದರೆ ಅದು ಕಾಡುಮೈನಾ. ತಲೆ ಬಿಳಿ, ಹೊಟ್ಟೆ ಇಟ್ಟಿಗೆಗೆಂಪು ಎಂದರೆ ಮಲಬಾರಿನ ಬಿಳಿತಲೆಯ ಕಬ್ಬಕ್ಕಿ. ಅದರ ತಲೆ ಇರುವುದೇ ಹಾಗೆ.

ಕೆಮ್ಮೀಸೆ ಪಿಕಳಾರದ ಮರಿಗೆ ಕೆಂಪು ಮೀಸೆ ಇರುವುದಿಲ್ಲ, ಬಾಲದಡಿ ಕೆಂಪಿನ ಬದಲು ಮಾಸಲು ಕಿತ್ತಳೆ. ಚುಕ್ಕೆ ರಾಟವಾಳದ ಮರಿ ಒಂದು ಚುಕ್ಕೆಯೂ ಇಲ್ಲದ ಬೋಳು ಕಂದು. ಮಡಿವಾಳ ಹಕ್ಕಿಯ ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಬೂದು. ಗೀಜಗದ ಗಂಡು ಗೂಡು ಕಟ್ಟುವ ಕಾಲ ಮುಗಿದ ಮೇಲೆ ಹಳದಿ ಕಳಚಿ ಗುಬ್ಬಚ್ಚಿಯಂತಾಗುತ್ತದೆ.

ಹೆಚ್ಚು ಗೊಂದಲ ತರುವುದು ಕಪ್ಪುನೇರಳೆ ಸೂರಕ್ಕಿ. ಮರಿ ಮಾಡುವ ಕಾಲ ಕಳೆದ ಮೇಲೆ ಗಂಡು ಹೆಣ್ಣಿನಂತೆ ಹಳದಿಯಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಒಂದೇ ಕಪ್ಪು ಗೆರೆ ಉಳಿಸಿಕೊಳ್ಳುತ್ತದೆ. ಬಣ್ಣ ಮರಳುವಾಗ ತೇಪೆ ತೇಪೆ. ಅದನ್ನು ಹೊಸ ಜಾತಿ ಎಂದು ತಿಳಿದವರಿದ್ದಾರೆ.

ಚಳಿಗಾಲದಲ್ಲಿ ತೋಟಕ್ಕೆ ಬರುವ ಉದ್ದ ಬಾಲದ ರಾಜಹಕ್ಕಿ ಬಿಳಿಯೂ ಇರುತ್ತದೆ, ಇಟ್ಟಿಗೆಗೆಂಪೂ ಇರುತ್ತದೆ. ಎರಡೂ ಸರಿಯೇ. ಪಾರಿವಾಳದ ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅವು ಸಾಕುಹಕ್ಕಿಗಳ ಸಂತಾನ, ಯಾವ ಬಣ್ಣವಾದರೂ ಬರುತ್ತದೆ.

ಮೈಮೇಲೆ ತಿಳಿನೀಲಿ ಮಚ್ಚೆ. ಇದು ಯಾವ ದೋಷ?

ತಿಂಗಳು ಜೂನೋ ಜುಲೈಯೋ ಆಗಿದ್ದರೆ ಅಡಿಕೆ ತೋಟದ ಕಡೆ ನೋಡಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಶೇ. 1ರದ್ದು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಗೊನೆಗೆ ಅಂಟಲೆಂದೇ ಮಾಡಿದ ದ್ರಾವಣ. ಹಸಿಯಿರುವಾಗ ಸೋಗೆಯ ನಡುವೆ ನುಗ್ಗಿದ ಹಕ್ಕಿಯ ಎದೆಗೂ ಅಂಟಬಹುದು. ದೋಷದ ಬಣ್ಣ ಗರಿಯ ಅಂಚನ್ನು ಅನುಸರಿಸುತ್ತದೆ, ಹಚ್ಚಿದ ಬಣ್ಣ ಅಂಚು ಮೀರಿ ಪಕ್ಕದ ಗರಿಗೂ ಹರಡಿರುತ್ತದೆ, ಗರಿ ಜಿಗುಟಾಗಿ ಒಂದಕ್ಕೊಂದು ಅಂಟಿರುತ್ತದೆ. ನಾಲ್ಕು ಮಳೆಗೆ ಹೋಗುತ್ತದೆ. ಮದ್ದು ಬಿಡುವ ದಿನ ನೀರಿನ ಚಟ್ಟಿಯನ್ನು ಕವುಚಿ ಹಾಕಿ, ಮರುದಿನ ತೊಳೆದು ಹೊಸ ನೀರು ಹಾಕಿ. ತಾಮ್ರದ ಅಂಶ ಕುಡಿಯುವ ನೀರಿಗೆ ಬೀಳುವುದು ಬೇಡ.

ಹೊಟ್ಟೆ ಕೆಂಪಾದ ಗುಬ್ಬಚ್ಚಿ ಮುರಕಲ್ಲಿನ ಧೂಳಿನಲ್ಲಿ ಹೊರಳಿ ಬಂದದ್ದು. ಹಣೆಯ ಮೇಲೆ ಹಳದಿ ಬೊಟ್ಟಿದ್ದರೆ ಹೂವಿನ ಪರಾಗ. ಗಲ್ಲ ನೇರಳೆಯಾದ ಪಿಕಳಾರ ಎಲ್ಲಿಂದ ಬಂತೆಂದು ತಿಳಿಯಲು ಬಸಳೆ ಚಪ್ಪರದ ಹಣ್ಣು ಎಣಿಸಿದರೆ ಸಾಕು.

ಗಿಳಿಗಳ ಹಿಂಡಿನಲ್ಲಿ ಒಂದು ಅಚ್ಚ ಹಳದಿ. ಎಲ್ಲಿಂದ ಬಂತು?

ಗಿಳಿಯ ಹಸಿರು ಒಂದೇ ಬಣ್ಣವಲ್ಲ. ಹಳದಿ ದ್ರವ್ಯದ ಕೆಳಗೆ ನೀಲಿ ಕಾಣಿಸುವ ರಚನೆ, ಅದಕ್ಕೆ ಹಿನ್ನೆಲೆಯಾಗಿ ಮೆಲನಿನ್. ಮೆಲನಿನ್ ಹೋದರೆ ನೀಲಿ ಮಾಯ, ಹಳದಿ ಉಳಿಯುತ್ತದೆ. ಹಳದಿ ಹೋದರೆ ಗಿಳಿ ಆಕಾಶನೀಲಿ. ಹಳದಿ ಗಿಳಿಯ ಕಣ್ಣು ಕೆಂಪು. ಗಂಡಾಗಿದ್ದರೆ ಕೊರಳಿನ ಗುಲಾಬಿ ಉಂಗುರ ಹಾಗೆಯೇ ಇರುತ್ತದೆ. ನೀಲಿಯದರ ಉಂಗುರ ಬಿಳಿ.

ಕಾಡಿನಲ್ಲೂ ಇಂಥವು ಹುಟ್ಟುತ್ತವೆ. ಆದರೆ ಗೂಡಿನಲ್ಲಿ ಸಾಕುವವರು ಈ ಬಣ್ಣಗಳನ್ನೇ ಆರಿಸಿ ಬೆಳೆಸುವುದರಿಂದ ತಪ್ಪಿಸಿಕೊಂಡು ಬಂದದ್ದೂ ಆಗಿರಬಹುದು. ಕಾಲಿನಲ್ಲಿ ಬಳೆ, ಮುರಿದ ಬಾಲ, ಮನುಷ್ಯರನ್ನು ಕಂಡರೆ ಹೆದರದಿರುವುದು ಸುಳಿವುಗಳು. ಹಿಡಿಯಲು ಹೋಗಬೇಡಿ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬಣ್ಣ ಬೇರೆ ಎಂಬ ರಿಯಾಯಿತಿ ಇಲ್ಲ.

ಹಸಿರು ಗಿಳಿಯಲ್ಲಿ ಅಲ್ಲಲ್ಲಿ ಹಳದಿ ಗರಿ ಬಂದು, ಜೊತೆಗೆ ಗರಿ ಉದುರಿ ಬೋಳಾಗಿ, ಕೊಕ್ಕು ವಿಕಾರವಾಗಿ ಬೆಳೆದಿದ್ದರೆ ಅದು ಬಣ್ಣದ ವಿಷಯವಲ್ಲ, ಗಿಳಿಗಳ ಕೊಕ್ಕು ಮತ್ತು ಗರಿಗೆ ತಗಲುವ ವೈರಸ್ ರೋಗದ ಲಕ್ಷಣ. ತಟ್ಟೆಯನ್ನು ಎರಡು ವಾರ ತೆಗೆದಿಡಿ. ಗುಂಪುಗೂಡಿ ತಿನ್ನುವುದು ನಿಂತರೆ ಹರಡುವುದೂ ಕಡಿಮೆಯಾಗುತ್ತದೆ.

ರಾಟವಾಳಗಳ ನಡುವೆ ಬಿಳಿ ಕಂದು ತೇಪೆಯದೊಂದು ಇದೆ.

ಬಂಗಾಳಿ ಫಿಂಚ್ ಎಂದು ಪೇಟೆಯಲ್ಲಿ ಮಾರುವ ಸಾಕುಹಕ್ಕಿ ಇರಬಹುದು. ಅದು ನಮ್ಮ ಬಿಳಿ ಬೆನ್ನಿನ ರಾಟವಾಳದ ಸಂಬಂಧಿಯೇ, ಜಪಾನಿನಲ್ಲಿ ತಲೆತಲಾಂತರದಿಂದ ಸಾಕಿ ಬಣ್ಣ ಬದಲಿಸಿದ ತಳಿ. ಪಂಜರದಿಂದ ಹಾರಿದರೆ ಕಾಡು ರಾಟವಾಳಗಳ ಗುಂಪು ಸೇರುತ್ತದೆ.

ಮೈನಾದ ತಲೆ ಬೋಳು, ಹಳದಿ. ರೋಗವೇ?

ತಲೆಯ ಗರಿಯೆಲ್ಲ ಒಟ್ಟಿಗೆ ಉದುರಿದರೆ ಮೈನಾದ ಹಳದಿ ಚರ್ಮ ಬಯಲಾಗುತ್ತದೆ. ಗರಿ ಬದಲಾಗುವ ಕಾಲ ಅಥವಾ ನುಸಿಯ ಕಾಟ. ಕೊಕ್ಕು ತಲುಪದ ಜಾಗವೆಂದರೆ ತಲೆ ಒಂದೇ, ಅಲ್ಲಿನ ನುಸಿಯನ್ನು ಹಕ್ಕಿ ತಾನೇ ತೆಗೆಯಲಾರದು. ಮತ್ತೆ ಬೆಳೆಯುತ್ತದೆ. ಕಣ್ಣು, ಕೊಕ್ಕಿನ ಸುತ್ತ ಗಂಟು ಗಂಟಾದ ಹುಣ್ಣಿದ್ದರೆ ಮಾತ್ರ ಸಿಡುಬಿನ ಬಗೆಯ ರೋಗ. ತಟ್ಟೆ, ಚಟ್ಟಿ ಎರಡನ್ನೂ ಕೂಡಲೇ ತೆಗೆಯಬೇಕು.

ಇದು ಎಂಡೋಸಲ್ಫಾನಿನ ಪರಿಣಾಮ ಇರಬಹುದೇ?

ಎಣ್ಮಕಜೆಯ ಕಡೆಯಿಂದ ಈ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ, ಲಘುವಾಗಿ ತಳ್ಳಿಹಾಕುವುದೂ ಸಲ್ಲದು. ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ರಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿತು. ಇಂದು ಅಂಗಳಕ್ಕೆ ಬರುವ ಮೈನಾ, ಪಿಕಳಾರಗಳು ಅದಾದ ಎಷ್ಟೋ ತಲೆಮಾರಿನ ಮೇಲೆ ಹುಟ್ಟಿದವು. ಬಿಳಿ ಗರಿಯ ಹಕ್ಕಿಗಳು ಅಂಥ ಮದ್ದು ಕಾಣದ ನಾಡುಗಳಲ್ಲೂ, ಆ ಮದ್ದು ಹುಟ್ಟುವ ಮೊದಲೂ ದಾಖಲಾಗಿವೆ. ಒಂದು ಬಿಳಿ ಕಾಗೆಯನ್ನು ತೋರಿಸಿ ವಿಷವನ್ನು ಸಾಬೀತು ಮಾಡಲಾಗದು. ಮನುಷ್ಯರು ಅನುಭವಿಸಿದ್ದಕ್ಕೆ ಕಾಗೆಯ ಸಾಕ್ಷಿ ಬೇಕಾಗಿಯೂ ಇಲ್ಲ.

ಆಟಿ ಅಮಾವಾಸ್ಯೆಗೆ ಇಟ್ಟ ಬಲಿಯನ್ನು ಬಿಳಿ ಕಾಗೆ ಮುಟ್ಟಿತು. ದೋಷವುಂಟೇ?

ಕಾಗೆ ಮುಟ್ಟಬೇಕೆಂಬುದು ಸಂಪ್ರದಾಯ, ಮುಟ್ಟಿದ್ದು ಕಾಗೆಯೇ. ಅದರ ಬಣ್ಣ ತೊನ್ನಿನಂತೆ ಇನ್ನೊಂದಕ್ಕೆ ಹರಡುತ್ತದೆ ಎಂಬ ಮಾತೂ ಕೇಳುತ್ತೇವೆ. ಹರಡುವುದಿಲ್ಲ, ಅಂದಹಾಗೆ ತೊನ್ನೂ ಹರಡುವುದಿಲ್ಲ.

ಏನಾದರೂ ತಿನ್ನಿಸಿ ಬಣ್ಣ ಸರಿಮಾಡಬಹುದೇ? ಮೆಣಸು ಕೊಟ್ಟರೆ ಕೆಂಪಾಗುತ್ತದಂತೆ?

ಹುಟ್ಟಿನ ದೋಷ, ನರೆ ಎರಡಕ್ಕೂ ಆಹಾರದಿಂದ ಪರಿಹಾರವಿಲ್ಲ. ಕಾಗೆಯ ಅಡ್ಡಪಟ್ಟೆಗೆ ಉಂಟು: ಬರೀ ಕುಚ್ಚಲಕ್ಕಿ ಅನ್ನದ ಬದಲು ನೆನೆಸಿದ ಕಡಲೆ, ಬೇಯಿಸಿದ ಮೊಟ್ಟೆಯ ಚೂರು, ಮೀನು ತೊಳೆದ ಉಳಿಕೆ. ಉಪ್ಪು ಹಾಕಿದ್ದು, ಕರಿದದ್ದು, ಮಿಕ್ಸ್ಚರು ಬೇಡ.

ಮೆಣಸಿನ ಮಾತು ಕೆನರಿ ಎಂಬ ಪಂಜರದ ಹಕ್ಕಿ ಸಾಕುವವರದು. ಕೆಂಪು ಕೆನರಿಗೆ ಬೇರೊಂದು ಕೆಂಪು ಹಕ್ಕಿಯ ವಂಶವಾಹಿ ಸೇರಿಸಿದ್ದರಿಂದ ತಿಂದ ಕ್ಯಾರೊಟಿನಾಯ್ಡನ್ನು ಅದು ಕೆಂಪು ಮಾಡಬಲ್ಲದು. ಪಿಕಳಾರ ನಿಮ್ಮ ಗಾಂಧಾರಿ ಮೆಣಸಿನ ಗಿಡವನ್ನು ಖಾಲಿ ಮಾಡಿದರೂ ಕೆಂಪಾಗುವುದಿಲ್ಲ. ಹಕ್ಕಿಗಳಿಗೆ ಖಾರ ತಾಗುವುದೇ ಇಲ್ಲ, ಅಷ್ಟೇ.

ಬಣ್ಣ ಸರಿಯಾಗಿ ನೋಡಲು ತಟ್ಟೆ ಹೇಗಿಡಬೇಕು?

ಒಂದು ಅಡಿ ಚದರದ ಹಲಗೆ, ಸುತ್ತ ಒಂದು ಇಂಚು ಅಂಚು, ನಾಲ್ಕು ಮೂಲೆಗೂ ನೀರು ಇಳಿಯುವಷ್ಟು ತೂತು. ಎದೆಯೆತ್ತರಕ್ಕೆ ತೂಗಿಬಿಡಿ. ತೂಗುವ ಹಗ್ಗದ ನಡುವೆ ನೀರು ತುಂಬಿದ ತೆಂಗಿನ ಗೆರಟೆ ಕಟ್ಟಿದರೆ ಇರುವೆ ಇಳಿಯುವುದಿಲ್ಲ. ಹಗ್ಗಕ್ಕೆ ಗ್ರೀಸ್ ಬಳಿಯಬೇಡಿ, ಗರಿಗೆ ಅಂಟಿದರೆ ಹಕ್ಕಿ ತೊಳೆದುಕೊಳ್ಳಲಾರದು. ಗಾಜಿನ ಕಿಟಕಿಯಿಂದ ಒಂದು ಮೀಟರಿಗಿಂತ ಹತ್ತಿರ ಇಡಿ, ಇಲ್ಲವೇ ಹತ್ತು ಮೀಟರ್ ದೂರ. ನಡುವಿನ ಅಂತರದಲ್ಲಿ ಹಕ್ಕಿ ವೇಗ ಪಡೆದು ಗಾಜಿಗೆ ಬಡಿಯುತ್ತದೆ.

ತಟ್ಟೆಯ ಮುಂದೆ ಎರಡು ಅಡಿ ದೂರದಲ್ಲಿ ಒಂದು ಒಣಕೊಂಬೆ ನಿಲ್ಲಿಸಿ. ಇಳಿಯುವ ಮೊದಲು ಹಕ್ಕಿ ಅಲ್ಲಿ ಕೂತು ಎರಡೂ ಪಕ್ಕ ತೋರಿಸುತ್ತದೆ. ಕೊಂಬೆಯ ಮೇಲೆ ಸೆಂಟಿಮೀಟರಿನ ಗೆರೆ ಎಳೆದಿಟ್ಟರೆ ಗಾತ್ರವೂ ಸಿಕ್ಕಿತು.

ಕಾಳು ಸಂಜೆಗೆ ಮುಗಿಯುವಷ್ಟೇ ಹಾಕಿ. ನಮ್ಮ ಮಳೆಗಾಲದಲ್ಲಿ ನೆನೆದ ನುಚ್ಚು ಒಂದೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ನೆಲಗಡಲೆ ವಿಷವೇ. ನೀರು ಒಂದೂವರೆ ಇಂಚು ಆಳ ಸಾಕು, ದಿನವೂ ಬದಲಿಸಿ. ವಾರಕ್ಕೊಮ್ಮೆ ದ್ರವ ಬ್ಲೀಚ್ 1 ಪಾಲು, ನೀರು 9 ಪಾಲು ಸೇರಿಸಿ ತಟ್ಟೆಯನ್ನು ಹತ್ತು ನಿಮಿಷ ನೆನೆಸಿ, ತಿಕ್ಕಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಕಾಳು ಹಾಕಿ.

ಫೋಟೋದಲ್ಲಿ ಬಿಳಿ ಹಕ್ಕಿ ಸುಣ್ಣದ ಉಂಡೆಯಂತೆ ಬರುತ್ತದೆ.

ಸುತ್ತಲಿನ ತೋಟ ಕತ್ತಲು, ಹಕ್ಕಿ ಬಿಳಿ. ಕ್ಯಾಮೆರಾ ಕತ್ತಲಿಗೆ ಸರಿಹೊಂದಿಸಿಕೊಂಡು ಬಿಳಿಯನ್ನು ಉರಿಸಿಬಿಡುತ್ತದೆ. ಫೋನಿನಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು, ಕಾಣಿಸಿಕೊಳ್ಳುವ ಸೂರ್ಯನ ಗುರುತನ್ನು ಗರಿಯ ಗೆರೆಗಳು ಕಾಣುವ ತನಕ ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಬೆಳಕನ್ನು ಒಂದು ಹಂತ ಇಳಿಸಿ. ಕಪ್ಪು ಹಕ್ಕಿಗೆ ಇದರ ತಿರುವುಮುರುವು.

ಅಡಿಕೆ ಮರದ ನೆರಳಿನಲ್ಲಿ ಎಲ್ಲವೂ ಹಸಿರು ಛಾಯೆ ಪಡೆಯುತ್ತದೆ, ಬಿಳಿ ಮೈನಾ ಗಿಳಿಯ ಸಂಬಂಧಿಯಂತೆ ಕಾಣುತ್ತದೆ. ಅದೇ ಜಾಗದಲ್ಲಿ ಅದೇ ಹೊತ್ತಿಗೆ ಬಿಳಿ ಪಂಚೆಯದೊಂದು ಚಿತ್ರ ತೆಗೆದಿಡಿ, ಹೋಲಿಸಲು ಆಗುತ್ತದೆ. ಬೆಳಗ್ಗೆ 8ರ ಒಳಗೆ ತೆಗೆದದ್ದು ಉತ್ತಮ. ಬೇಕಾದದ್ದು ಐದು ನೋಟ: ಕಣ್ಣು, ಕೊಕ್ಕು ಮತ್ತು ಕಾಲು, ಎಡಪಕ್ಕ, ಬಲಪಕ್ಕ, ಬಿಚ್ಚಿದ ರೆಕ್ಕೆ. ಕೊನೆಯದು ಕಷ್ಟ, ಇಳಿಯುವ ಕ್ಷಣವನ್ನು ನಿಧಾನಗತಿಯ ವೀಡಿಯೋ ಮಾಡಿ ಅದರಿಂದ ಚಿತ್ರ ಆರಿಸಿ.

ಎಲ್ಲಿ ದಾಖಲಿಸಬೇಕು?

ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ. ಜಾತಿಯ ಹೆಸರು ಕಾಗೆ ಎಂದೇ ಕೊಡಿ, ಬಣ್ಣದ ವಿವರವನ್ನು ಟಿಪ್ಪಣಿಯಲ್ಲಿ ಬರೆಯಿರಿ: ಎಷ್ಟು ಗರಿ, ಎಲ್ಲಿ, ಕಣ್ಣಿನ ಬಣ್ಣ. ಹಕ್ಕಿ ಗುರುತಿಸುವ ಆ್ಯಪುಗಳು ಬಿಳಿ ಕಾಗೆಯನ್ನು ಬೆಳ್ಳಕ್ಕಿ ಎಂದರೂ ಒಪ್ಪಬೇಡಿ. ‘ಲ್ಯೂಸಿಸಂ’ ಎಂದು ತೀರ್ಪು ಕೊಡುವುದಕ್ಕಿಂತ ಕಂಡದ್ದನ್ನು ಕಂಡಂತೆ ಬರೆದರೆ ಮುಂದೆ ಓದುವವರಿಗೆ ಹೆಚ್ಚು ಉಪಯೋಗ. ಹಳದಿ ಗಿಳಿಯಾದರೆ ಸ್ಥಳವನ್ನು ಮಸುಕು ಮಾಡಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬಲೆ ಹಿಡಿದವರೂ ಅದನ್ನು ಓದುತ್ತಾರೆ.

ಅರ್ಧ ಕೆಂಪು, ಅರ್ಧ ಕಂದು ಹಕ್ಕಿಯ ಚಿತ್ರ ಬಂದಿದೆ. ನಿಜವೇ, ಕಂಪ್ಯೂಟರಿನದ್ದೇ?

ನಿಜವಾದದ್ದೂ ಇದೆ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಮನೆಯೊಂದರ ತಟ್ಟೆಗೆ ಇಂಥ ಕಾರ್ಡಿನಲ್ ಹಕ್ಕಿ ಬಂದಿತ್ತು. ಅದರಲ್ಲಿ ಗಂಡು ಕೆಂಪು, ಹೆಣ್ಣು ಕಂದು. ಈ ಹಕ್ಕಿ ಒಂದು ಪಕ್ಕ ಗಂಡು, ಇನ್ನೊಂದು ಪಕ್ಕ ಹೆಣ್ಣು. ಮೊಟ್ಟೆಯ ಹಂತದಲ್ಲೇ ಎರಡೂ ಬಗೆಯ ಜೀವಕೋಶ ಸೇರಿ ಬೆಳೆದದ್ದು. ಕಾಗೆ, ಪಿಕಳಾರದಲ್ಲಿ ಹೀಗಾದರೂ ನಮಗೆ ಗೊತ್ತಾಗದು, ಗಂಡು ಹೆಣ್ಣು ಒಂದೇ ಬಣ್ಣ. ಮಡಿವಾಳ ಹಕ್ಕಿಯಲ್ಲಾದರೆ ಕಾಣುತ್ತದೆ. ಅಮೆರಿಕದಲ್ಲೇ 2018ರಲ್ಲಿ ಅಲಬಾಮಾದಲ್ಲಿ ಕಂಡ ಹಳದಿ ಕಾರ್ಡಿನಲ್ ಬೇರೆ ಕತೆ: ತಿಂದ ಹಳದಿಯನ್ನು ಕೆಂಪಾಗಿ ಬದಲಿಸುವ ವ್ಯವಸ್ಥೆ ಕೆಟ್ಟದ್ದು.

ಉಳಿದ ಕಾಗೆಗಳು ಅದನ್ನು ಕುಕ್ಕುತ್ತಿವೆ. ಹಿಡಿದು ಸಾಕಬಹುದೇ?

ಬೇಡ. ಬಣ್ಣ ಬೇರೆಯಾದದ್ದನ್ನು ಕೆಲವು ಗುಂಪು ಅಟ್ಟುತ್ತವೆ, ಕೆಲವು ಲೆಕ್ಕಿಸುವುದೇ ಇಲ್ಲ. ಜೋಡಿಯಾಗಿ ಮರಿ ಮಾಡಿದವೂ ಇವೆ. ಹೊಸ ಜಾಗಕ್ಕೆ ಬಂದ ಕಪ್ಪು ಕಾಗೆಗೂ ಕುಕ್ಕು ತಪ್ಪುವುದಿಲ್ಲ. ಮೆಲನಿನ್ ಗರಿಗೆ ಗಟ್ಟಿತನ ಕೊಡುವುದರಿಂದ ಬಿಳಿ ರೆಕ್ಕೆ ಬೇಗ ಸವೆಯುತ್ತದೆ. ಮೇ ತಿಂಗಳಲ್ಲಿ ಅದರ ರೆಕ್ಕೆಯ ತುದಿ ಹಳೆಯ ಹಿಡಿಸೂಡಿಯಂತೆ ಕಂಡರೆ ಗಾಯವೆಂದು ತಿಳಿಯಬೇಡಿ. ನೀವು ಮಾಡಬಹುದಾದದ್ದು ತಟ್ಟೆ ಎರಡಾಗಿಸಿ ದೂರ ದೂರ ಇಡುವುದು, ಆಗ ದೊಡ್ಡವು ಎರಡನ್ನೂ ಕಾಯಲಾರವು. ಬೆಕ್ಕು ಅಡಗುವ ಪೊದೆಯಿಂದ ಹತ್ತು ಅಡಿ ಅಂತರವಿರಲಿ. ಹಾರಲಾಗದೆ ನೆಲದಲ್ಲಿ ಬಿದ್ದಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ಬಾಯಿಗೆ ನೀರು ಸುರಿಯದೆ, ಅರಣ್ಯ ಇಲಾಖೆಗೆ ತಿಳಿಸಿ.

ಬಿದ್ದ ಬಿಳಿ ಗರಿಯನ್ನು ಇಟ್ಟುಕೊಳ್ಳಬಹುದೇ?

ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎರಡೂ ಮುಖದ ಫೋಟೋ ತೆಗೆದು, ಬಿದ್ದಲ್ಲೇ ಬಿಡಿ. ಗರಿಯ ದಂಟು ಬಿಳಿಯೋ ಕಪ್ಪೋ, ಬುಡದ ನಯವಾದ ತುಪ್ಪಳದ ಬಣ್ಣ ಯಾವುದು ಎಂದು ಬರೆದುಕೊಳ್ಳಿ; ಕಂದು ದೋಷವೇ ಎಂಬುದು ಹಲವು ಸಲ ಆ ಬುಡದಲ್ಲೇ ತಿಳಿಯುತ್ತದೆ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.